ಏರು ಹತ್ತಿಸುವ ಲೋಟದಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ತಗಡಿನ ಶೆಡ್ಡಿನೊಳಗೆ ಉರಿಯುತ್ತಿರುವುದು ಒಂದೇ ಬಲ್ಬು. ಚಕ್ರ ಕಳಚಿಕೊಂಡು ನಾಲ್ಕು ಸ್ಟ್ಯಾಂಡುಗಳ ಮೇಲೆ ನಿಂತಿರುವ ಹಸಿರು ಟ್ರಕ್ಕಿನ ಅಡಿಯಿಂದ ಎರಡು ಪುಟ್ಟ ಪಾದಗಳು ಹೊರಗೆ ಚಾಚಿವೆ. ಅಳತೆ ನೋಡಿದರೆ ಶಾಲೆಗೆ ಹೋಗುವ ಮಗುವೊಂದು ಗಾಡಿಯಡಿ ನುಸುಳಿದೆಯೇನೋ ಎಂದು ಗಾಬರಿಯಾಗಬೇಕು. ಅಷ್ಟರಲ್ಲಿ ಒಳಗಿನಿಂದ ಗುನುಗು ಕೇಳುತ್ತದೆ. ಅದಕ್ಕೆ ರಾಗವೂ ಇಲ್ಲ, ತಾಳವೂ ಇಲ್ಲ, ಖುಷಿ ಮಾತ್ರ ಧಾರಾಳವಾಗಿದೆ. ಗುನುಗು ನಿಂತು ಕೂಗು ಬರುತ್ತದೆ: "ರೀ, ಹದಿನೇಳು ಕೊಡಿ!"

ಬಾಗಿಲ ಬಳಿ ಟೀ ಕಾಯಿಸುತ್ತಿರುವ ಗಂಡ ಸ್ಪ್ಯಾನರೊಂದನ್ನು ಎತ್ತಿ ಅಡಿಗೆ ತೂರಿಸುತ್ತಾರೆ. ಅದು ಹೋದಷ್ಟೇ ವೇಗವಾಗಿ ವಾಪಸು ಬರುತ್ತದೆ.

"ಇದು ಹತ್ತೊಂಬತ್ತು."

"ಕತ್ತಲಲ್ಲಿ ನಿನಗೆ ಹೇಗೆ ಗೊತ್ತಾಯ್ತು?"

"ನನಗೆ ಕೈಯಲ್ಲೂ ಕಣ್ಣಿದೆ. ನಿಮಗೆ ಕಣ್ಣಲ್ಲೂ ಇಲ್ಲ."

ಮದುವೆಯಾಗಿ ಇಪ್ಪತ್ತಾರು ವರ್ಷವಾದರೂ ಈ ದಂಪತಿಯ ಬೆಳಗು ಶುರುವಾಗುವುದು ಹೀಗೆಯೇ ಎಂದು ಪಕ್ಕದ ಪಂಕ್ಚರ್ ಅಂಗಡಿಯವರು ಹೇಳುತ್ತಾರೆ. ಜಗಳ ಕೇಳದ ದಿನ ಅವರು ಬಂದು ಆರೋಗ್ಯ ವಿಚಾರಿಸುತ್ತಾರಂತೆ.

ಗಾಡಿಯಡಿಯಿಂದ ಹಲಗೆಯ ಮೇಲೆ ಜಾರುತ್ತಾ ಹೊರಬರುವವರೇ ಲೋಟದಕ್ಕ. ವಯಸ್ಸು ಐವತ್ತೆರಡು. ತಲೆಗೆ ಬಟ್ಟೆ ಬಿಗಿದಿದ್ದಾರೆ, ಮೈಮೇಲೆ ಗಂಡನ ಹಳೆಯ ಅಂಗಿಯಿದೆ, ಗಲ್ಲದ ಮೇಲೆ ಒಂದು ಗೀರು ಆಯಿಲ್. ಎದ್ದು ನಿಂತರೂ ಟ್ರಕ್ಕಿನ ಬಾನೆಟ್ಟಿಗಿಂತ ಕೆಳಗೇ ಇರುತ್ತಾರೆ. ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು ಎಂದು ಯಾರೋ ಇವರನ್ನು ನೋಡಿಯೇ ಹೇಳಿರಬೇಕು. ಕ್ಲಚ್ ಇಲ್ಲದ, ತಾನೇ ಗೇರು ಬದಲಿಸಿಕೊಳ್ಳುವ ಆಟೋಮ್ಯಾಟಿಕ್ ಟ್ರಕ್ಕುಗಳು, ಅದರಲ್ಲೂ ಕಲ್ಲುಮುಳ್ಳಿನ ದಾರಿಯಲ್ಲಿ ಓಡುವಂಥವು, ಏರಿನಲ್ಲಿ ಏದುಸಿರು ಬಿಡತೊಡಗಿದರೆ ಅವುಗಳಿಗೆ ಮತ್ತೆ ಎಳೆಯುವ ಶಕ್ತಿ ತರಿಸುವುದು ಇವರ ಕಸುಬು.

"ಪೇಪರ್‌ನೋರಾ? ಬನ್ನಿ ಬನ್ನಿ. ಆ ಆಯಿಲ್ ಡಬ್ಬಿ ಮೇಲೆ ಮಾತ್ರ ಕೂತ್ಕೋಬೇಡಿ, ಮುಚ್ಚಳ ಸರಿಯಿಲ್ಲ." ಅವರು ಹೇಳುವಷ್ಟರಲ್ಲಿ ನಾನು ಕೂತಾಗಿದೆ. ನನ್ನ ಪ್ಯಾಂಟು ಅದಕ್ಕೆ ಸಾಕ್ಷಿಯಾಗಿ ಇಂದಿಗೂ ಮನೆಯಲ್ಲಿದೆ.

ಲೋಟದಕ್ಕ ಎಂಬ ಹೆಸರು ಬಂದದ್ದು ಅವರ ಸ್ಟೀಲ್ ಲೋಟದಿಂದ. ಗಾಡಿ ಯಾವುದೇ ಇರಲಿ, ಪರೀಕ್ಷೆ ಶುರುವಾಗುವುದು ಇದರಿಂದಲೇ. ಲೋಟದ ತುಂಬ ನೀರು ತುಂಬಿ, ಡ್ರೈವರ್ ಪಕ್ಕದ ಸೀಟಿನಲ್ಲಿ ಕೂತು, ಎರಡೂ ಕೈಯಲ್ಲಿ ಮಟ್ಟವಾಗಿ ಹಿಡಿದು "ನಡಿ" ಎನ್ನುತ್ತಾರೆ. ಗೇರು ಬದಲಾಗುವ ಹೊತ್ತಿಗೆ ನೀರು ಸುಮ್ಮನೆ ನಡುಗಿದರೆ ಕ್ಷೇಮ. ಚೆಲ್ಲಿದರೆ, ಯಾವ ಕಡೆಗೆ ಚೆಲ್ಲಿತು, ಎಷ್ಟು ಚೆಲ್ಲಿತು, ಗೇರು ಒದ್ದು ಬಿತ್ತೋ ಜಾರಿ ಬಿತ್ತೋ ಎಲ್ಲವೂ ಅವರ ಮಡಿಲ ಮೇಲೆ ಒದ್ದೆಯಾಗಿ ಬರೆದಿರುತ್ತದೆ. ಗಾಡಿ ಪರೀಕ್ಷೆ ಮಾಡುವ ಯಂತ್ರಗಳು ಬೀದಿಯ ಆ ತುದಿಯ ದೊಡ್ಡ ಗ್ಯಾರೇಜಿನಲ್ಲಿವೆ. ಬೇಕಾದಾಗ ಇವರೂ ಅಲ್ಲಿಗೆ ಹೋಗಿ ತೋರಿಸಿಕೊಂಡು ಬರುತ್ತಾರೆ. "ಯಂತ್ರಾನೂ ಬೇಕು, ಲೋಟಾನೂ ಬೇಕು. ಯಂತ್ರದಿಂದ ನೀರು ಕುಡಿಯಕ್ಕಾಗಲ್ಲ ನೋಡಿ" ಎಂದು ನಗುತ್ತಾರೆ.

ಅವರ ಹತ್ತಿರ ಬರುವವರಲ್ಲಿ ಅರ್ಧದಷ್ಟು ಮಂದಿ ಶೋಕಿಯವರು. ರಜೆಯ ದಿನ ಗುಡ್ಡ ಹತ್ತಿಸುವ ಹುಚ್ಚು. ಬಂದವರೇ "ಅಕ್ಕ, ಪವರ್ ಜಾಸ್ತಿ ಮಾಡ್ಕೊಡಿ" ಎನ್ನುತ್ತಾರೆ. ಲೋಟದಕ್ಕ ನೆಲದ ಮೇಲೆ ಹಳೇ ಟಾರ್ಪಾಲು ಹಾಸಿ, "ಮೊದಲು ಗಾಡಿ ಖಾಲಿ ಮಾಡಿ" ಎನ್ನುತ್ತಾರೆ. ಇದು ಈ ಶೆಡ್ಡಿನ ಕಟ್ಟುನಿಟ್ಟಿನ ನಿಯಮ. ಸಾಮಾನು ಇಳಿಸದೆ ಬಾನೆಟ್ಟು ತೆರೆಯುವುದಿಲ್ಲ. ಇಳಿಯತೊಡಗುತ್ತವೆ ಕಬ್ಬಿಣದ ಏಣಿ, ಎರಡು ಸ್ಟೆಪ್ನಿ, ಕುರ್ಚಿಗಳು, ಒಲೆ, ಸರಪಳಿ, ಮರೆತೇಹೋದ ಸಿಮೆಂಟ್ ಚೀಲ. ಒಬ್ಬರ ಗಾಡಿಯ ಸೀಟಿನ ಹಿಂದೆ ಅತ್ತೆಯ ಹೊಲಿಗೆ ಯಂತ್ರ ಸಿಕ್ಕಿತ್ತಂತೆ. ರಿಪೇರಿಗೆಂದು ಒಯ್ದವರು ವರ್ಷದಿಂದ ಅದನ್ನೇ ಗುಡ್ಡ ಹತ್ತಿಸುತ್ತಿದ್ದರು. "ಇಷ್ಟನ್ನೂ ನೀನು ಹೊತ್ಕೊಂಡು ಹತ್ತು ನೋಡೋಣ ಅಂದೆ. ಪಾಪ, ಅತ್ತೆಗೆ ಫೋನ್ ಮಾಡೋಕೆ ಧೈರ್ಯ ಸಾಲದೆ ನನ್ನ ಕೈಲಿ ಮಾಡಿಸಿದ" ಎಂದು ಅಕ್ಕ ನೆನೆಯುತ್ತಾರೆ.

"ಪವರ್ ಅನ್ನೋದನ್ನ ಗಾಡಿ ಮಾಡಿದೋರು ಹಾಕೇ ಕಳಿಸಿರ್ತಾರೆ. ದಾರೀಲಿ ಎಲ್ಲೋ ಸೋರಿ ಹೋಗ್ತಿರತ್ತೆ. ಗಾಳಿ ಎಳಕೊಳ್ಳೋ ಫಿಲ್ಟರ್ ತುಂಬ ಧೂಳು, ಅರ್ಧ ಹಿಡಿದೇ ಇರೋ ಬ್ರೇಕು, ಸುಟ್ಟು ಕರಕಲಾದ ಗೇರ್ ಆಯಿಲ್. ಕಾಲು ಪೂರ್ತಿ ಒತ್ತಿದೀನಿ ಅಂತ ಡ್ರೈವರ್ ಅಂದ್ಕೊಂಡಿರ್ತಾನೆ, ಕೇಬಲ್ ಸಡಿಲ ಆಗಿ ಮುಕ್ಕಾಲೇ ತಲುಪಿರತ್ತೆ. ಅದನ್ನೆಲ್ಲ ಮುಚ್ಚಿದ್ರೆ ಸಾಕು, ಮುದುಕ ಗಾಡಿನೂ ಮದುಮಗನ ಥರ ಓಡತ್ತೆ."

ಈ ವಿದ್ಯೆ ಅವರಿಗೆ ಸುಲಭಕ್ಕೆ ದಕ್ಕಿದ್ದಲ್ಲ. ಅಣ್ಣನ ಗ್ಯಾರೇಜಿನಲ್ಲಿ ಬಿಡಿಭಾಗ ತೊಳೆಯುವ ಕೆಲಸಕ್ಕೆ ಸೇರಿದಾಗ ಅವರಿಗೆ ಹತ್ತೊಂಬತ್ತು. ಸ್ಪ್ಯಾನರ್ ಮುಟ್ಟುವಂತಿರಲಿಲ್ಲ. ಒಂದು ದಿನ ಅಲ್ಲಿಗೆ ಆಟೋಮ್ಯಾಟಿಕ್ ಗಾಡಿಯೊಂದು ಬಂತು. ಅಣ್ಣ ಉತ್ಸಾಹದಿಂದ ಗೇರ್‌ಬಾಕ್ಸ್ ಬಿಚ್ಚಿದರು, ಒಳಗೆ ಇರುವೆ ಗೂಡಿನಂಥ ದಾರಿಗಳನ್ನೂ ಕಡಲೆ ಗಾತ್ರದ ಉಕ್ಕಿನ ಗುಂಡುಗಳನ್ನೂ ನೋಡಿ ಬೆವರಿದರು. ಯಾವ ಗುಂಡು ಯಾವ ಗುಂಡಿಯದೆಂದು ಯಾರಿಗೂ ನೆನಪಿರಲಿಲ್ಲ. ತಂಗಿ ಮಾತ್ರ ತೊಳೆಯುವಾಗ ಒಂದೊಂದನ್ನೂ ಮೊಟ್ಟೆಯ ಟ್ರೇಯಲ್ಲಿ ಸಾಲಾಗಿ ಇಟ್ಟಿದ್ದರು. "ನೀನೇ ಜೋಡಿಸು ತಾಯಿ" ಎಂದು ಅಣ್ಣ ಕೈ ಮುಗಿದರಂತೆ.

"ಜೋಡಿಸಿದೆ. ಗಾಡಿ ಸ್ಟಾರ್ಟ್ ಆಯ್ತು. ಎಲ್ಲಾರೂ ಚಪ್ಪಾಳೆ ಹೊಡೆದ್ರು. ಆಮೇಲೆ ನೋಡಿದ್ರೆ ಯಾವ ಗೇರ್ ಹಾಕಿದ್ರೂ ಹಿಂದಕ್ಕೇ ಹೋಗತ್ತೆ! ಒಂದು ಗುಂಡು ನನ್ನ ಅಂಗಿ ಜೇಬಲ್ಲೇ ಉಳಿದಿತ್ತು."

ಎರಡನೇ ಸಲ ಬಿಚ್ಚಿ ಜೋಡಿಸಿದ ಮೇಲೆ ಗಾಡಿ ಮುಂದಕ್ಕೆ ಹೋಯಿತು. ಅವರೂ ಹೋದರು. ಸ್ವಂತ ಶೆಡ್ಡು ಹಾಕಿ ಹದಿನೆಂಟು ವರ್ಷ. ಹೊಸಬರು ಬಂದು "ಮೆಕ್ಯಾನಿಕ್ ಎಲ್ಲಿ?" ಎಂದು ಕೇಳುವುದು ಇಂದಿಗೂ ತಪ್ಪಿಲ್ಲ. "ಕೂತ್ಕೊಳ್ಳಿ, ಬರ್ತಾರೆ" ಎಂದು ಹೇಳಿ ಗಾಡಿಯಡಿಗೆ ಹೋಗುತ್ತಾರೆ. ಕುದಿಯುವ ಆಯಿಲ್ ಬಿದ್ದ ಕಲೆ ಮೊಣಕೈತನಕ ಇದೆ. ಚಳಿಗಾಲದ ಬೆಳಗಿನಲ್ಲಿ ಬೆನ್ನು ನೆಟ್ಟಗಾಗಲು ಗಂಡನ ಕೈ ಬೇಕು. ದಿನಕ್ಕೆ ಹತ್ತಾರು ಸಲ ಗಾಡಿಯಡಿ ಹೋಗಿ ಬರುವ ದೇಹವದು. ಆ ಬಗ್ಗೆ ಕೇಳಿದರೆ ಮಾತು ಬದಲಿಸುತ್ತಾರೆ.

ಇಂದು ಮಾತು ಬದಲಿಸಲು ಪುರುಸೊತ್ತೂ ಇಲ್ಲ. ಈ ಹಸಿರು ಟ್ರಕ್ಕು ಹತ್ತು ಗಂಟೆಗೆ ತುಂಬಿದ ನೀರಿನ ಟ್ಯಾಂಕು ಹೊತ್ತು ಕಲ್ಲುಕ್ವಾರಿಯ ಏರು ಹತ್ತಬೇಕು. ಹತ್ತದಿದ್ದರೆ ಒಬ್ಬ ಮನುಷ್ಯನ ಡ್ರೈವರ್ ಸೀಟು ಹೋಗುತ್ತದೆ.

ಆ ಮನುಷ್ಯ ಶೆಡ್ಡಿನ ಮೂಲೆಯಲ್ಲಿ ಸ್ಟೂಲಿನ ಮೇಲೆ ಕೂತು ಮರದ ತುಂಡೊಂದನ್ನು ಉಜ್ಜುತ್ತಿದ್ದಾರೆ. ಕ್ವಾರಿಯ ಮೇಲಿನ ಮನೆಗಳ ಮಕ್ಕಳಿಗೆ ಅವರು ನೀರಣ್ಣ. ಅಲ್ಲಿಗೆ ನಲ್ಲಿಯಿಲ್ಲ, ಇವರು ಬಂದರೇ ನೀರು. ಚಿಕ್ಕಂದಿನ ಜ್ವರದಲ್ಲಿ ಎಡಗಾಲಿನ ಬಲ ಹೋಗಿದೆ. ಕ್ಲಚ್ ಒತ್ತುವಂತಿಲ್ಲ. ಬಲಗಾಲೊಂದೇ ಸಾಕೆನ್ನುವ ಈ ಟ್ರಕ್ಕು ಸಿಕ್ಕಿದ ದಿನ ಅವರು ಊಟ ಮಾಡಿದ್ದೂ ಅದರೊಳಗೇ, ನಿದ್ದೆ ಮಾಡಿದ್ದೂ ಅದರೊಳಗೇ. ನಾಲ್ಕೂ ಚಕ್ರ ಎಳೆಯುವ ಗಾಡಿ, ಆದರೆ ಹಳೆಯ ಮಾದರಿ. ಕಡಿದಾದ ಏರಿಗೆಂದು ಕೆಲವು ಗಾಡಿಗಳಲ್ಲಿರುವ ಇನ್ನೊಂದು ಗೇರುಕೋಲು ಇದರಲ್ಲಿಲ್ಲ.

ಕೆಲವು ತಿಂಗಳಿಂದ ಕೊನೆಯ ತಿರುವಿನಲ್ಲಿ ಗಾಡಿ ನಿಂತುಬಿಡುತ್ತಿತ್ತು. ಮಕ್ಕಳು ಕಲ್ಲು ಹಿಡಿದು ಕಾದಿದ್ದು, ನಿಂತ ಕೂಡಲೇ ಓಡಿಬಂದು ಚಕ್ರದ ಹಿಂದೆ ಇಡುತ್ತಿದ್ದರು. ಅರ್ಧ ಟ್ಯಾಂಕು ನೀರನ್ನು ಕಲ್ಲಿಗೆ ಕುಡಿಸಿ, ಉಳಿದರ್ಧ ಮೇಲೆ ಒಯ್ಯಬೇಕಾಗುತ್ತಿತ್ತು. ನೀರಿನ ಗುತ್ತಿಗೆದಾರರು ಕೆಟ್ಟವರೇನಲ್ಲ. "ಮೇಲಿನೋರು ನನ್ನ ಬೈತಾರಪ್ಪ. ತುಂಬಿದ ಟ್ಯಾಂಕು ಹತ್ತದಿದ್ರೆ ಕ್ಲಚ್ ಗಾಡಿ ತರ್ತೀನಿ, ಬೇರೆ ಡ್ರೈವರ್ ನೋಡ್ತೀನಿ" ಎಂದು ಗಡುವು ಕೊಟ್ಟರು. ಆ ಗಡುವು ಇಂದಿಗೆ.

ಲೋಟದಕ್ಕ ಮೊದಲ ದಿನ ಲೋಟ ಹಿಡಿದು ಕೂತಾಗಲೇ ನೀರು ಪೂರ್ತಿ ಚೆಲ್ಲಿತ್ತು. ಏರಿನಲ್ಲಿ ಗೇರು ಎರಡಕ್ಕೂ ಮೂರಕ್ಕೂ ಓಡಾಡುತ್ತಿತ್ತು, ಎಲ್ಲಿ ಕೂರಬೇಕೆಂದು ತಿಳಿಯದ ಮದುವೆ ಮನೆಯ ನೆಂಟನಂತೆ. ಹಾಗಾದರೆ ಗೇರ್‌ಬಾಕ್ಸೇ ಕಳ್ಳ ಎಂದುಕೊಂಡು ಗಾಡಿಯನ್ನು ಸ್ಟ್ಯಾಂಡಿಗೇರಿಸಿ, ಚಕ್ರ ಬಿಚ್ಚಿ ಬದಿಗಿಟ್ಟು, ಗೇರ್‌ಬಾಕ್ಸ್ ಇಳಿಸಿದರು. ತೊಳೆದರು, ಸವೆದದ್ದು ಬದಲಿಸಿದರು, ಆಯಿಲ್ ಹೊಸದು ಹಾಕಿದರು, ಕೇಬಲ್ ಬಿಗಿದರು. ಒಂದು ವಾರದ ಕೆಲಸ. ಸ್ಟ್ಯಾಂಡಿನ ಮೇಲೆ ಓಡಿಸಿದರೆ ಗೇರುಗಳು ಬೆಣ್ಣೆಯಂತೆ ಬೀಳುತ್ತಿದ್ದವು. ಚಕ್ರ ಹಾಕಿ ಏರಿಗೆ ಒಯ್ದರೆ ಮತ್ತದೇ ತಿರುವು, ಮತ್ತದೇ ಮಕ್ಕಳು, ಮತ್ತದೇ ಕಲ್ಲು.

"ಎರಡನೇ ಸಲ ಚಕ್ರ ಬಿಚ್ಚಿದ ದಿನ ತಲೆ ಕೆಟ್ಟುಹೋಗಿತ್ತು. ಟೀ ಕುಡಿಯೋಣ ಅಂತ ಕೂತೆ" ಎನ್ನುತ್ತಾರೆ ಅಕ್ಕ. ಎರಡು ಚಕ್ರ ಒಂದರ ಮೇಲೊಂದು ಪೇರಿಸಿ ಅದರ ಮೇಲೆ ಕೂರುವುದು ಅವರ ಹಳೆಯ ಅಭ್ಯಾಸ. ಈ ಜಾತಿಯ ಟ್ರಕ್ಕಿನ ಎರಡು ಚಕ್ರದ ಮೇಲೆ ಕೂತರೆ ಅವರ ಹೆಬ್ಬೆರಳು ಸರಿಯಾಗಿ ನೆಲ ಮುಟ್ಟುತ್ತದೆ. ಇವುಗಳ ಮೇಲೆ ಮುಟ್ಟುತ್ತಿಲ್ಲವೆಂಬುದು ಅಂದೇ ಗಮನಕ್ಕೆ ಬಂತು. ಕಾಲು ತೊಟ್ಟಿಲ ಮಗುವಿನದರಂತೆ ನೇತಾಡುತ್ತಿತ್ತು. ಅದನ್ನು ನೋಡಿ ನೀರಣ್ಣ ಮೊದಲು ನಕ್ಕರು. ಆಮೇಲೆ, ಕಾಲೇಕೆ ನೇತಾಡುತ್ತಿದೆಯೆಂದು ಹೊಳೆದು ಬಾಯಿ ಮುಚ್ಚಿಕೊಂಡರು.

"ಈ ಟೈರ್ ಕಂಪನಿ ಅಳತೇದಲ್ಲ, ದಪ್ಪಾನೂ ಜಾಸ್ತಿ, ಎತ್ತರಾನೂ ಜಾಸ್ತಿ. ಯಾವಾಗ ಹಾಕ್ಸಿದೆ ತಮ್ಮಾ?" ಅಕ್ಕ ಕೇಳಿದರು.

ನೀರಣ್ಣ ತಗಡಿನ ಚಾವಣಿ ನೋಡತೊಡಗಿದರು.

"ಮೇಲೇನಿದೆ? ನನ್ನ ನೋಡು."

"ಎಳೆತ ಕಡಿಮೆ ಆಗೋಕೆ ಸ್ವಲ್ಪ ಮುಂಚೆ ಅಕ್ಕಾ… ನನ್ನ ಹೆಂಡತಿ ಕೊಡ್ಸಿದ್ದು. ಹೇಳಿದ್ರೆ ನೀವು ತೆಗೆಸ್ತೀರ. ತೆಗೆಸಿದ್ರೆ ಅವಳ ಮುಖ ಹೇಗೆ ನೋಡ್ಲಿ?"

"ಗೊತ್ತಿದ್ದೂ ನನ್ನ ಕೈಲಿ ಗೇರ್‌ಬಾಕ್ಸ್ ಬಿಚ್ಚಿಸಿದ್ಯಲ್ಲೋ ಪುಣ್ಯಾತ್ಮ!"

"ಗೇರ್‌ಬಾಕ್ಸೇ ಕೆಟ್ಟಿರ್ಲಿ ಅಂತ ಆಸೆ ಇಟ್ಕೊಂಡಿದ್ದೆ ಅಕ್ಕಾ."

ದೊಡ್ಡ ಚಕ್ರ ಒಂದು ಸುತ್ತಿಗೆ ಹೆಚ್ಚು ದಾರಿ ಕ್ರಮಿಸುತ್ತದೆ. ಆದರೆ ಅದನ್ನು ತಿರುಗಿಸಲು ಎಂಜಿನ್ನಿಗೆ ಅಷ್ಟೇ ಹೆಚ್ಚು ತ್ರಾಸ. ಎಳೆತವನ್ನೆಲ್ಲ ತಿನ್ನುತ್ತಿದ್ದದ್ದು ಚಕ್ರವೇ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದಂತಾಗಿತ್ತು. "ಮೊದಲನೇ ಕೆಲಸಾನೇ ಚಕ್ರ ಬಿಚ್ಚಿ ಬದಿಗಿಡೋದು ನೋಡಿ. ಕಳ್ಳನ್ನ ಹೊರಗೆ ಕೂರಿಸಿ, ಅವನ ಮೇಲೆ ಕೂತು ದಿನಾ ಟೀ ಕುಡಿದು, ಮನೆಯೊಳಗೆ ಕಳ್ಳನ್ನ ಹುಡುಕ್ತಿದ್ದೆ" ಎಂದು ಅಕ್ಕ ಹಣೆ ಚಚ್ಚಿಕೊಂಡು ನಗುತ್ತಾರೆ. ಗಂಡನಿಗೆ ಇದು ಜೀವಮಾನಕ್ಕೆ ಸಾಕಾಗುವಷ್ಟು ಸರಕು.

ಅಷ್ಟರಲ್ಲಿ ನೀರಣ್ಣನ ಹೆಂಡತಿ ಊಟದ ಡಬ್ಬಿ ಹಿಡಿದು ಬಂದು ಬಾಗಿಲಲ್ಲೇ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಅವರು ಟೈಲರ್. ಒಮ್ಮೆ ಗಾಡಿಯ ಹೊಟ್ಟೆ ಬಂಡೆಗೆ ತಗುಲಿ ಸಿಕ್ಕಿಕೊಂಡು, ಗಂಡ ಆ ಕಾಲಿನಲ್ಲೇ ಗುಡ್ಡ ಇಳಿದು ಬಂದಿದ್ದರು. ಅಂದೇ ಅವರು ಎತ್ತರದ ಟೈರು ಕೊಡಿಸಬೇಕೆಂದು ನಿರ್ಧರಿಸಿ, ಬೇಸಿಗೆಯಿಡೀ ಶಾಲೆಯ ಸಮವಸ್ತ್ರ ಹೊಲಿದಿದ್ದರು.

"ತೆಗೆದುಬಿಡಿ ಅಕ್ಕಾ. ನನಗೆ ಪ್ರೀತಿ ಟೈರಿನ ಮೇಲಾ?" ಎಂದರು. ಮಾತು ಗಟ್ಟಿಯಾಗಿಯೇ ಇತ್ತು, ಕಣ್ಣು ಮಾತ್ರ ಟೈರಿನ ಮೇಲಿತ್ತು.

ತೆಗೆದರೆ ಕೆಲಸ ಅಂದೇ ಮುಗಿಯುತ್ತಿತ್ತು. ಲೋಟದಕ್ಕ ಟೀ ಲೋಟ ಕೆಳಗಿಟ್ಟರು. "ತೆಗೆದ್ರೆ ಮತ್ತೆ ಬಂಡೆಗೆ ಹೊಟ್ಟೆ ತಗಲತ್ತೆ. ನೀನು ಕೊಡ್ಸಿದ್ದು ತಪ್ಪಲ್ಲಮ್ಮ, ಅದಕ್ಕೆ ತಕ್ಕ ಹಲ್ಲು ಗಾಡಿಗಿಲ್ಲ ಅಷ್ಟೇ. ಟೈರೂ ಇರ್ಲಿ, ಏರೂ ಹತ್ಲಿ."

ಹಲ್ಲು ಎಂದರೆ ಚಕ್ರದ ಅಚ್ಚಿನ ನಡುವೆ ಇರುವ ಹಲ್ಲುಚಕ್ರಗಳು. ಏರು ಬಂದಾಗ ಸೈಕಲ್ಲಿನವರು ಹಗುರ ಗೇರಿಗೆ ಬರುತ್ತಾರಲ್ಲ, ಇದೂ ಅದೇ ಲೆಕ್ಕ. ಓಟ ಸ್ವಲ್ಪ ಕಡಿಮೆಯಾಗುತ್ತದೆ, ಎಳೆತ ಹೆಚ್ಚುತ್ತದೆ. ಆದರೆ ನಾಲ್ಕೂ ಚಕ್ರ ಎಳೆಯುವ ಗಾಡಿಗೆ ಮುಂದೊಂದು ಜೊತೆ, ಹಿಂದೊಂದು ಜೊತೆ, ಎರಡೂ ಒಂದೇ ಅಳತೆಯವು ಬೇಕು. ಇಲ್ಲದಿದ್ದರೆ ಎತ್ತು ಏರಿಗೆ, ಕೋಣ ನೀರಿಗೆ. ಗಂಡ ಊರಿನ ಗುಜರಿಗಳನ್ನೆಲ್ಲ ಜಾಲಾಡಿದರು. ಹಿಂದಿನ ಜೊತೆ ಬೇಗ ಸಿಕ್ಕಿತು. ಮುಂದಿನದು ಸಿಕ್ಕಿದ್ದು ಮೊನ್ನೆ, ಕೋಳಿಗೂಡಾಗಿದ್ದ ಒಂದು ಮುರುಕು ಟ್ರಕ್ಕಿನಲ್ಲಿ. "ಕೋಳಿಗಳ ಹತ್ರ ಕ್ಷಮೆ ಕೇಳಿ ಬಿಚ್ಕೊಂಡು ಬಂದೆ" ಎನ್ನುತ್ತಾರೆ ಗಂಡ. ಸ್ಪ್ಯಾನರಿನ ನಂಬರು ತಪ್ಪಿದರೂ ಗುಜರಿಯಲ್ಲಿ ಅವರ ಕಣ್ಣು ತಪ್ಪುವುದಿಲ್ಲ.

ಈಗ ಕೊನೆಯ ಬೋಲ್ಟು ಬಿಗಿಯಾಗಿದೆ. ಚಕ್ರಗಳು ಏರಿವೆ. ನೀರಣ್ಣ ಮರದ ತುಂಡುಗಳನ್ನು ಚೀಲಕ್ಕೆ ಹಾಕಿಕೊಳ್ಳುತ್ತಾರೆ. ಅದೇನೆಂದು ಕೇಳಿದರೆ "ಸುಮ್ನೆ, ಕೈ ಖಾಲಿ ಇರಬಾರದು ಅಂತ" ಎನ್ನುತ್ತಾರೆ.

ಟ್ಯಾಂಕು ಕಂಠಪೂರ್ತಿ ತುಂಬಿದೆ. ಪಕ್ಕದ ಸೀಟಿನಲ್ಲಿ ಲೋಟ ಹಿಡಿದ ಅಕ್ಕ, ಹಿಂದಿನ ಇಕ್ಕಟ್ಟಿನಲ್ಲಿ ಮೊಣಕಾಲು ಗಲ್ಲಕ್ಕೆ ತಾಗಿಸಿಕೊಂಡು ನಾನು. ಏರು ಶುರುವಾಗುತ್ತದೆ. ನೀರಣ್ಣನ ಕಿವಿಯ ಹಿಂದೆ ಬೆವರು ಇಳಿಯುತ್ತಿದೆ. ಬಂಡೆಗಳ ಮೇಲೆ ಗಾಡಿಯ ಹೊಟ್ಟೆ ಸಲೀಸಾಗಿ ದಾಟುತ್ತದೆ. ಗೇರು ಎರಡಕ್ಕೆ ಬರುತ್ತದೆ. ಅಕ್ಕನ ಕಣ್ಣು ನೀರಿನ ಮೇಲೆ. ನೀರು ನಡುಗುತ್ತದೆ, ಚೆಲ್ಲುವುದಿಲ್ಲ.

ಕೊನೆಯ ತಿರುವು ಬಂತು. ಮಕ್ಕಳು ಎಂದಿನಂತೆ ಕಲ್ಲು ಹಿಡಿದು ಸಾಲಾಗಿ ನಿಂತಿದ್ದಾರೆ. ಎಂಜಿನ್ನಿನ ದನಿ ಒಂದಿಷ್ಟು ಏರುತ್ತದೆ. ಗೇರು ಅತ್ತಿತ್ತ ಅಲುಗದೆ ಎರಡರಲ್ಲೇ ಕೂತಿದೆ. ಗಾಡಿ ಮಕ್ಕಳ ಮುಂದೆಯೇ ನಿಧಾನವಾಗಿ, ಗಂಭೀರವಾಗಿ ದಾಟಿ ಹೋಗುತ್ತದೆ. ಹಿಂದಿನ ಗಾಜಿನಲ್ಲಿ ನೋಡುತ್ತೇನೆ. ಮಕ್ಕಳು ಕಲ್ಲುಗಳನ್ನು ಏನು ಮಾಡಬೇಕೆಂದು ತೋಚದೆ ಒಬ್ಬರ ಮುಖ ಒಬ್ಬರು ನೋಡುತ್ತಿದ್ದಾರೆ. ಮರುಗಳಿಗೆಯೇ ಕಲ್ಲು ಬಿಸಾಡಿ, ಕೇಕೆ ಹಾಕುತ್ತಾ ಗಾಡಿಯ ಹಿಂದೆ ಓಡಿ ಬರುತ್ತಾರೆ.

ಮೇಲೆ ಗುತ್ತಿಗೆದಾರರು ಕಾಯುತ್ತಿದ್ದಾರೆ. ಟ್ಯಾಂಕಿನ ಮುಚ್ಚಳ ತೆರೆದು ಇಣುಕಿ, ನೀರಿನಲ್ಲಿ ತಮ್ಮ ಮುಖ ನೋಡಿಕೊಂಡು ಕೆಳಗಿಳಿಯುತ್ತಾರೆ. "ನಾಳೆ ಹೊತ್ತಿಗೆ ಸರಿಯಾಗಿ ಬಾರಪ್ಪ. ಸೀಟು ನಿನ್ನದೇ" ಎನ್ನುತ್ತಾರೆ. ನೀರಣ್ಣ ತಲೆಯಾಡಿಸುತ್ತಾರೆ. ಕೊಡ ಹಿಡಿದು ನಿಂತ ಹೆಂಗಸರು ಲೋಟದಕ್ಕನ ಕೈ ಹಿಡಿದು ಕುಲುಕುತ್ತಾರೆ, ಆಯಿಲ್ ಮೆತ್ತಿಕೊಂಡರೂ ಬಿಡುವುದಿಲ್ಲ. ನನಗೂ ಕಣ್ಣು ತುಂಬಿತು, ಸುಳ್ಳೇಕೆ ಹೇಳಲಿ. ಅಕ್ಕ ಲೋಟದ ನೀರನ್ನು ಗಟಗಟ ಕುಡಿಯುತ್ತಾರೆ.

ಇಂಥ ಬರಹದ ವಾಡಿಕೆಯಂತೆ ನಾನು ಅವರ ಆಸೆಯೇನೆಂದು ಕೇಳುತ್ತೇನೆ. ಅವರು ನಾಚುತ್ತಾರೆ. "ಇಷ್ಟು ವರ್ಷ ಎಲ್ಲಾರ ಗಾಡೀನೂ ಏರು ಹತ್ತಿಸಿದೀನಿ, ಯಾವಾಗ್ಲೂ ಪಕ್ಕದ ಸೀಟಲ್ಲಿ ಕೂತು. ಲೈಸೆನ್ಸೂ ಇದೆ. ದೊಡ್ಡ ಗಾಡೀಲಿ ಕಾಲು ಪೆಡಲಿಗೆ ಎಟಕಲ್ಲ. ಒಂದೇ ಒಂದು ಸಲ…"

ನೀರಣ್ಣ ಆಗಲೇ ಚೀಲ ಬಿಚ್ಚಿದ್ದಾರೆ. ಉಜ್ಜಿ ನಯ ಮಾಡಿದ ಎರಡು ಮರದ ತುಂಡುಗಳು, ಪಟ್ಟಿ ಸಮೇತ. ಬಗ್ಗಿ ಒಂದನ್ನು ಆಕ್ಸಿಲರೇಟರಿಗೆ, ಒಂದನ್ನು ಬ್ರೇಕಿಗೆ ಬಿಗಿಯುತ್ತಾರೆ. ಸೀಟನ್ನು ಮುಂದಕ್ಕೆ ಎಳೆಯುತ್ತಾರೆ. "ಟೈರ್ ಮೇಲೆ ಕೂತಾಗ ನಿಮ್ಮ ಕಾಲಿಗೆ ಎಷ್ಟು ಸಾಲದು ಅಂತ ಅಳತೆ ನೋಡ್ಕೊಂಡಿದ್ದೆ ಅಕ್ಕಾ. ಕಾಲು ಎಟಕದಿರೋದು ನನಗೆ ಗೊತ್ತಿಲ್ವಾ? ಹತ್ತಿ."

ಎರಡನೇ ಟ್ಯಾಂಕನ್ನು ಗುಡ್ಡ ಹತ್ತಿಸಿದ್ದು ಲೋಟದಕ್ಕ. ಪಕ್ಕದ ಸೀಟಿನಲ್ಲಿ ನೀರಣ್ಣ, ಕೈಯಲ್ಲಿ ಲೋಟ. ಅರ್ಧ ದಾರಿಗೇ ಅವರ ಅಂಗಿ, ಪ್ಯಾಂಟು ಎರಡೂ ಒದ್ದೆ.

"ರಸ್ತೆ ಸರಿಯಿಲ್ಲ!" ಅಕ್ಕ ಸ್ಟೇರಿಂಗಿಗೆ ಜೋತುಬಿದ್ದು ಕೂಗುತ್ತಾರೆ.

"ಕುಣೀಲಾರದೋಳು ನೆಲ ಡೊಂಕು ಅಂದ್ಳಂತೆ" ನೀರಣ್ಣ ಖಾಲಿ ಲೋಟ ಬೋರಲು ಮಾಡಿ ತೋರಿಸುತ್ತಾರೆ. "ಗೇರ್‌ಬಾಕ್ಸ್ ಬೆಣ್ಣೆ ಅಕ್ಕಾ. ಡ್ರೈವರ್ ಇನ್ನೂ ಪಳಗ್ಬೇಕು."

ಮೇಲೆ ತಲುಪಿ ಇಳಿದಾಗ ಅಕ್ಕನ ಮುಖ ಅರಳಿದೆ. ಬಾಗಿಲು ಹಿಡಿದುಕೊಂಡು ಒಂದು ಕ್ಷಣ ಆ ಸೀಟನ್ನು ನೋಡುತ್ತಾರೆ. ಆಮೇಲೆ ಬದಿಗೆ ಸರಿಯುತ್ತಾರೆ.

"ತಗೋ ತಮ್ಮಾ, ನಿನ್ನ ಸೀಟು. ಹಿಂದಕ್ಕೆ ಎಳ್ಕೊಂಡು ಆರಾಮಾಗಿ ಕೂತ್ಕೋ."